ವಾರಕ್ಕೆ ಮೂರು ದಿನ ಪಾಠಕ್ಕೆ ಕೂರುತ್ತಿದ್ದ ಸುಲ್ತಾನ

ಕಲಬುರಗಿಯಿಂದ ಜೇವರ್ಗಿ ಕಡೆಗೆ ಹೋಗುವವರು ಭೀಮಾ ನದಿ ಸಮೀಪಿಸುವಾಗ ಫಿರೋಜಾಬಾದ್ ಎಂಬ ಊರಿನ ಹೆಸರು ಕೇಳಿರುತ್ತಾರೆ. ಒಡೆದ ಕೋಟೆಗೋಡೆ, ದೊಡ್ಡ ಜಾಮಿಯಾ ಮಸೀದಿಯ ಅವಶೇಷ, ಹಳೆಯ ಹಮ್ಮಾಮು ಅಲ್ಲಿ ಇಂದಿಗೂ ಇವೆ. ನಮ್ಮ ಆಳಂದ ತಾಲ್ಲೂಕಿನ ಅಮರ್ಜಾ ಹೊಳೆಯ ನೀರು ಗಾಣಗಾಪುರದ ಬಳಿ ಭೀಮೆಯನ್ನು ಸೇರಿ ಈ ಊರಿನ ಪಕ್ಕದಲ್ಲೇ ಹರಿದುಹೋಗುತ್ತದೆ. ಈ ನಗರವನ್ನು ಕಟ್ಟಿಸಿದ ತಾಜುದ್ದೀನ್ ಫಿರೋಜ್ ಶಾಹ್ ಬಹಮನಿಯ ಹೆಸರು ನಮಗೆಲ್ಲ ಇತಿಹಾಸ ಪಾಠದಿಂದ ಗೊತ್ತು. ವಿಜಯನಗರದೊಂದಿಗೆ ಯಾವ ಯಾವ ಇಸವಿಯಲ್ಲಿ ಯುದ್ಧ ಮಾಡಿದ ಎಂಬುದನ್ನು ಪರೀಕ್ಷೆಗಾಗಿ ಕಂಠಪಾಠ ಮಾಡಿದ್ದೇವೆ. ಆದರೆ ಆತ ರೇಖಾಗಣಿತ, ಖಗೋಳಶಾಸ್ತ್ರ ಮತ್ತು ಅಲಂಕಾರಶಾಸ್ತ್ರಗಳನ್ನು ಬಲ್ಲ ವಿದ್ವಾಂಸನಾಗಿದ್ದ ಎಂಬುದನ್ನು ನಮ್ಮಲ್ಲಿ ಹೆಚ್ಚಿನವರು ಕೇಳಿಲ್ಲ. ಆ ಫಿರೋಜ್ ಶಾಹ್‌ನ ಬಗ್ಗೆ ನಮ್ಮ ವಾರ್ತಾಪತ್ರದಲ್ಲಿ ಬರೆಯಬೇಕೆನಿಸಿತು.

1347ರಲ್ಲಿ ಬಹಮನಿ ರಾಜ್ಯ ಸ್ಥಾಪನೆಯಾಯಿತು. ಫಿರೋಜ್ ಅದರ ಎಂಟನೆಯ ಸುಲ್ತಾನ. 1397ರಲ್ಲಿ ಕಲಬುರಗಿಯಲ್ಲಿ ಪಟ್ಟಕ್ಕೆ ಬಂದು 1422ರವರೆಗೆ ಆಳಿದ. ಆತನ ಗುರು ಶಿರಾಜಿನಿಂದ ಬಂದ ಮೀರ್ ಫಜಲುಲ್ಲಾ ಇಂಜು. ಈ ಗುರು ಆ ಕಾಲದ ಮಹಾವಿದ್ವಾಂಸ ಸಾದುದ್ದೀನ್ ತಫ್ತಾಜಾನಿಯ ಶಿಷ್ಯ. ಹೀಗೆ ಇರಾನ್ ಮತ್ತು ಮಧ್ಯ ಏಷ್ಯಾದ ವಿದ್ಯಾಪರಂಪರೆಯೊಂದು ನಮ್ಮ ಕಲಬುರಗಿ ಕೋಟೆಯೊಳಗೆ ಬಂದು ನೆಲೆಸಿತು.

ಫಿರೋಜ್ ಕಾಲವಾಗಿ ಸುಮಾರು ಎರಡು ಶತಮಾನದ ನಂತರ ಬಿಜಾಪುರದ ಆದಿಲ್‌ಶಾಹಿ ಆಸ್ಥಾನದಲ್ಲಿ ಫೆರಿಷ್ತಾ ಎಂಬ ಇತಿಹಾಸಕಾರ ದಖನಿನ ಚರಿತ್ರೆ ಬರೆದ. ಅವನ ಪ್ರಕಾರ ಫಿರೋಜ್ ವಾರದಲ್ಲಿ ಮೂರು ದಿನ ಪಾಠದ ಗೋಷ್ಠಿಗೆ ಕೂರುತ್ತಿದ್ದ. ಹಗಲು ರಾಜ್ಯದ ಕೆಲಸ ಹೆಚ್ಚಾದರೆ ಪಾಠ ರಾತ್ರಿಗೆ ಹೋಗುತ್ತಿತ್ತೇ ಹೊರತು ತಪ್ಪುತ್ತಿರಲಿಲ್ಲ. ಅಲ್ಲಿ ಓದುತ್ತಿದ್ದ ಗ್ರಂಥಗಳಲ್ಲಿ ಯೂಕ್ಲಿಡ್‌ನ ರೇಖಾಗಣಿತಕ್ಕೆ ನಸೀರುದ್ದೀನ್ ತೂಸಿ ಸಿದ್ಧಪಡಿಸಿದ ಅರಬ್ಬಿ ಪಾಠವಿತ್ತು, ಖಗೋಳಶಾಸ್ತ್ರದಲ್ಲಿ ತೂಸಿಯದೇ ಗ್ರಂಥದ ವ್ಯಾಖ್ಯಾನವಿತ್ತು. ಅವುಗಳ ಪಕ್ಕದಲ್ಲೇ ಅಲಂಕಾರಶಾಸ್ತ್ರದ ಬಗ್ಗೆ ತಫ್ತಾಜಾನಿ ಬರೆದ ಗ್ರಂಥವೂ ಇತ್ತು. ಸುಲ್ತಾನ ಸ್ವತಃ ಪಾರ್ಸಿಯಲ್ಲಿ ಕವಿತೆ ಬರೆಯುತ್ತಿದ್ದ. ಗೋವಾ ಮತ್ತು ಚೌಲ್ ಬಂದರುಗಳಿಂದ ಪ್ರತಿವರ್ಷ ಹಡಗು ಕಳಿಸಿ ಸರಕಿನ ಜೊತೆಗೆ ಪಂಡಿತರನ್ನೂ ಕರೆಸಿಕೊಳ್ಳುತ್ತಿದ್ದ.

ಇದು ನಮ್ಮ ನೆಲಕ್ಕೆ ಹೊಸದೇನಲ್ಲ. ಇದೇ ಜಿಲ್ಲೆಯ ಮಳಖೇಡದಲ್ಲಿ, ಫಿರೋಜ್‌ಗಿಂತ ಐದು ಶತಮಾನಕ್ಕೂ ಹಿಂದೆ, ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯ ಗಣಿತಸಾರಸಂಗ್ರಹ ಬರೆದ. ಕನ್ನಡ ಕಾವ್ಯ ಹೇಗಿರಬೇಕೆಂದು ವಿಚಾರ ಮಾಡಿದ ಕವಿರಾಜಮಾರ್ಗವೂ ಅದೇ ಆಸ್ಥಾನದ ಕೃತಿ. ಗಣಿತವೂ ಕಾವ್ಯವಿಚಾರವೂ ಒಂದೇ ಸೂರಿನಡಿ ಬೆಳೆದ ನಾಡು ಇದು. ಈ ಮಾತು ನನಗೆ ಬರೀ ಹೆಮ್ಮೆಯ ವಿಷಯವಲ್ಲ. ಮಟಕಿಯ ನಮ್ಮ ಮನೆಯಲ್ಲಿ ತಂಗಿ ಮುಂದಿನ ವರ್ಷ ಪಿಯುಸಿ ಸೇರಬೇಕು. ಅವಳಿಗೆ ಲೆಕ್ಕವೂ ಇಷ್ಟ, ಕವಿತೆಯೂ ಇಷ್ಟ. ಎರಡರಲ್ಲಿ ಒಂದನ್ನು ಈಗಲೇ ಬಿಟ್ಟುಬಿಡು ಎಂದು ಎಲ್ಲರೂ ಬುದ್ಧಿ ಹೇಳುತ್ತಿದ್ದಾರೆ. ಸೈನ್ಸೋ ಆರ್ಟ್ಸೋ ಎಂಬುದು ಅರ್ಜಿಯಲ್ಲಿ ತುಂಬುವ ಒಂದು ಕಲಮು ಮಾತ್ರ, ತಲೆಯೊಳಗೆ ಕಟ್ಟಬೇಕಾದ ಗೋಡೆಯಲ್ಲ ಎಂದು ಅವಳಿಗೆ ಹೇಳಲು ನನಗೆ ಫಿರೋಜ್ ಶಾಹ್‌ಗಿಂತ ಹತ್ತಿರದ ಸಾಕ್ಷಿ ಸಿಗಲಿಲ್ಲ.

ಫಿರೋಜ್ ಗ್ರಂಥ ಓದುವುದಕ್ಕೇ ನಿಲ್ಲಲಿಲ್ಲ. ಆಕಾಶವನ್ನು ಅಳೆಯಬೇಕೆಂದು 1407ರ ಸುಮಾರಿಗೆ ದೌಲತಾಬಾದ್ ಬಳಿಯ ಘಟ್ಟದ ಮೇಲೆ ಒಂದು ವೀಕ್ಷಣಾಲಯದ ಕೆಲಸ ಆರಂಭಿಸಿದ. ಹಕೀಮ್ ಹಸನ್ ಗೀಲಾನಿ ಮತ್ತು ಸಯ್ಯದ್ ಮಹಮೂದ್ ಗಾಜರೂನಿ ಎಂಬ ಪಂಡಿತರಿಗೆ ಆ ಹೊಣೆ ವಹಿಸಿದ. ದೂರದರ್ಶಕ ಇನ್ನೂ ಹುಟ್ಟಿರದ ಕಾಲ ಅದು. ಹಾಗಾದರೆ ವೀಕ್ಷಣಾಲಯದಲ್ಲಿ ಏನಿರುತ್ತಿತ್ತು? ಅಂಶಗಳನ್ನು ಗುರುತಿಸಿದ ದೊಡ್ಡ ದೊಡ್ಡ ಕಮಾನುಗಳಿರುತ್ತಿದ್ದವು. ಅವುಗಳ ಗುಟ್ಟು ಸರಳವಾದದ್ದು. ಒಂದು ಮೀಟರ್ ತ್ರಿಜ್ಯದ ಕಮಾನಿನಲ್ಲಿ ಒಂದು ಡಿಗ್ರಿ ಸುಮಾರು 1.7 ಸೆಂಟಿಮೀಟರ್ ಜಾಗ ಹಿಡಿಯುತ್ತದೆ. ಡಿಗ್ರಿಯ 60ನೇ ಭಾಗವಾದ ಒಂದು ಕಲೆ ಅಲ್ಲಿ ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟೂ ಇರುವುದಿಲ್ಲ, ಕಣ್ಣಿಗೆ ಸಿಕ್ಕುವುದು ಕಷ್ಟ. ತ್ರಿಜ್ಯ 40 ಮೀಟರ್ ಆದರೆ ಅದೇ ಒಂದು ಕಲೆ ಒಂದು ಸೆಂಟಿಮೀಟರಿಗಿಂತ ಹೆಚ್ಚಾಗುತ್ತದೆ. ಆದ್ದರಿಂದ ನಿಖರ ಅಳತೆ ಬೇಕಾದವರು ಕಟ್ಟಡವನ್ನೇ ಉಪಕರಣವಾಗಿ ಮಾಡುತ್ತಿದ್ದರು. ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಅಳತೆಯ ದೋಷ ಕಡಿಮೆ ಮಾಡಲು ನಾವು ಕಲಿಯುವುದೂ ಇದೇ ಪಾಠ.

ಆದರೆ ಫಿರೋಜ್‌ನ ವೀಕ್ಷಣಾಲಯ ಪೂರ್ತಿಯಾಗಲಿಲ್ಲ. ಹಕೀಮ್ ಹಸನ್ ಗೀಲಾನಿ ತೀರಿಕೊಂಡ, ಕೆಲಸ ಅಲ್ಲಿಗೇ ನಿಂತಿತು. ಕೆಲವೇ ವರ್ಷಗಳ ಬಳಿಕ, 1420ರ ದಶಕದಲ್ಲಿ, ಸಮರಖಂದದಲ್ಲಿ ಉಲುಗ್ ಬೇಗ್ ಎಂಬ ಇನ್ನೊಬ್ಬ ಆಳರಸ ವೀಕ್ಷಣಾಲಯ ಕಟ್ಟಿಸಿದ. ಅದರ ಕಮಾನಿನ ತ್ರಿಜ್ಯ ಸುಮಾರು 40 ಮೀಟರ್. ಅಲ್ಲಿಯೂ ಮುಖ್ಯ ಪಂಡಿತ ಜಮ್ಶೀದ್ ಅಲ್ ಕಾಶಿ 1429ರಲ್ಲಿ ತೀರಿಕೊಂಡ. ಆದರೆ ಕೆಲಸ ನಿಲ್ಲಲಿಲ್ಲ. ಖಾಜಿಜಾದಾ ರೂಮಿ ಮುಂದುವರಿಸಿದ, ಅವನ ನಂತರ ಅಲಿ ಕುಶ್ಜಿ ಎಂಬ ಕಿರಿಯ ವಿದ್ವಾಂಸ ಹೊಣೆ ಹೊತ್ತ. 1437ರ ಹೊತ್ತಿಗೆ ಸಾವಿರಕ್ಕೂ ಹೆಚ್ಚು ನಕ್ಷತ್ರಗಳ ಪಟ್ಟಿ ಸಿದ್ಧವಾಯಿತು. ಮುಂದೆ ಉಲುಗ್ ಬೇಗ್‌ನ ಕೊಲೆಯಾಯಿತು, ಕಟ್ಟಡ ಹಾಳಾಯಿತು, ಆದರೆ ಪಟ್ಟಿ ಉಳಿಯಿತು. ದೌಲತಾಬಾದಿಗೂ ಸಮರಖಂದಕ್ಕೂ ಇರುವ ವ್ಯತ್ಯಾಸ ಹಣದ್ದಲ್ಲ, ಬುದ್ಧಿಯದೂ ಅಲ್ಲ ಎಂದು ನನಗೆ ಅನಿಸುತ್ತದೆ. ಒಬ್ಬರ ಕೈಯಿಂದ ಅಳತೆಪಟ್ಟಿ ಜಾರಿದಾಗ ಹಿಡಿಯಲು ಇನ್ನೊಂದು ಕೈ ಅಲ್ಲಿತ್ತು, ಇಲ್ಲಿ ಇರಲಿಲ್ಲ.

ಫಿರೋಜ್‌ನ ಕೊನೆಯ ವರ್ಷಗಳು ಸುಖದವಲ್ಲ. ಪಾನಗಲ್ ಕೋಟೆಯ ಮುತ್ತಿಗೆ ದೀರ್ಘಕಾಲ ಎಳೆದು, 1420ರ ಸುಮಾರಿಗೆ ವಿಜಯನಗರದ ಎದುರು ದೊಡ್ಡ ಸೋಲಾಯಿತು. ಆತ ಮೊದಲು ಆದರದಿಂದ ಬರಮಾಡಿಕೊಂಡಿದ್ದ ಹಜರತ್ ಖ್ವಾಜಾ ಬಂದೇ ನವಾಜ್ ಗೇಸುದರಾಜ್ ಅವರೊಂದಿಗೆ ಮನಸ್ತಾಪ ಬೆಳೆದಿತ್ತು. ಪಟ್ಟ ಮಗನಿಗೋ ತಮ್ಮನಿಗೋ ಎಂಬ ಜಗಳದಲ್ಲಿ ತಮ್ಮ ಅಹಮದ್ ಗೆದ್ದ. 1422ರಲ್ಲಿ ಫಿರೋಜ್ ತೀರಿಕೊಂಡ. ಖ್ವಾಜಾ ಅವರು ಪರದೆ ಮಾಡಿಕೊಂಡದ್ದೂ ಅದೇ ವರ್ಷ. ಮುಂದೆ ರಾಜಧಾನಿ ಬೀದರಿಗೆ ಹೋಯಿತು, ಫಿರೋಜಾಬಾದ್ ಬರಿದಾಯಿತು. ಕಲಬುರಗಿಯ ಹಫ್ತ್ ಗುಂಬಜ್‌ನಲ್ಲಿ ಎಲ್ಲಕ್ಕಿಂತ ದೊಡ್ಡದಾದ ಜೋಡಿ ಗುಮ್ಮಟದ ಕಟ್ಟಡ ಫಿರೋಜ್‌ನ ಸಮಾಧಿ. ಯುದ್ಧಗಳಿಗೆ ಹೋದ ಧನ, ಜನ, ವರ್ಷಗಳನ್ನು ಲೆಕ್ಕ ಹಾಕಿದರೆ, ಅರ್ಧಕ್ಕೆ ನಿಂತ ಆ ವೀಕ್ಷಣಾಲಯ ಇನ್ನಷ್ಟು ನೋವು ಕೊಡುತ್ತದೆ.

ನಮ್ಮ ಭಾಗವನ್ನು ಎಲ್ಲರೂ ಹಿಂದುಳಿದದ್ದೆಂದೇ ಕರೆಯುತ್ತಾರೆ. ನಾವೂ ಅದನ್ನೇ ನಂಬಿ, ವಿಜ್ಞಾನವೆಂದರೆ ಬೆಂಗಳೂರಿನಿಂದ ಬರಬೇಕಾದ ಸರಕು ಎಂದುಕೊಂಡಿದ್ದೇವೆ. ಅಳೆಯುವುದಕ್ಕೆ ಸುಲ್ತಾನನ ಖಜಾನೆ ಬೇಕಿಲ್ಲ. ಸೆಪ್ಟೆಂಬರ್ 23ರ ಸುಮಾರಿಗೆ ಹಗಲು ರಾತ್ರಿ ಸಮವಿರುವ ದಿನ, ಒಂದು ಮೀಟರ್ ಕೋಲನ್ನು ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಿ. ನೆರಳು ಅತಿ ಚಿಕ್ಕದಾದ ಕ್ಷಣದಲ್ಲಿ ಅದು ನಮ್ಮ ಕಡೆ ಸುಮಾರು 31 ಸೆಂಟಿಮೀಟರ್ ಇರುತ್ತದೆ, ದೌಲತಾಬಾದಿನಲ್ಲಿ ಸುಮಾರು 36. ನೆರಳಿನ ಉದ್ದವನ್ನು ಕೋಲಿನ ಉದ್ದದಿಂದ ಭಾಗಿಸಿದರೆ ಸಿಗುವುದು ಊರಿನ ಅಕ್ಷಾಂಶದ ಟ್ಯಾನ್ ಬೆಲೆ. ತ್ರಿಕೋನಮಿತಿಯ ಪುಟ ಅಂಗಳಕ್ಕೆ ಇಳಿದಂತೆ.

ಹಾಗಾಗಿ ಉಪನ್ಯಾಸಕರಲ್ಲಿ ನನ್ನದೊಂದು ವಿನಂತಿ. ಈ ಅಳತೆಗೆಂದು ಕಾಲೇಜಿನಲ್ಲಿ ಒಂದು ರಿಜಿಸ್ಟರ್ ಇಡೋಣ. ವಿಜ್ಞಾನದವರು ಅಂಕಿ ಬರೆಯಲಿ, ಕಲಾ ವಿಭಾಗದವರು ಆ ದಿನದ ವಿವರವನ್ನು ಕನ್ನಡದಲ್ಲೋ ಉರ್ದುವಿನಲ್ಲೋ ಬರೆಯಲಿ. ದ್ವಿತೀಯ ವರ್ಷದವರು ಪ್ರತಿವರ್ಷ ಅದನ್ನು ಪ್ರಥಮ ವರ್ಷದವರ ಕೈಗೆ ಕೊಟ್ಟು ಹೋಗಲಿ.