ಮಾನ್ವಿಯ ಪಂಡಿತರ ಪಶ್ಚಾತ್ತಾಪ: ಶ್ರೀ ಜಗನ್ನಾಥದಾಸರ ಜೀವನ ಪರಿಚಯ



ಭಾದ್ರಪದ ಶುದ್ಧ ನವಮಿ ಶ್ರೀ ಜಗನ್ನಾಥದಾಸರ ಆರಾಧನೆಯ ದಿನ. ನಾರ್ವ, ಮಕ್ತಲ್, ನಾರಾಯಣಪೇಟೆ, ಗದ್ವಾಲ ಕಡೆಯಿಂದ ಮಾನ್ವಿಗೆ ಹೋಗಿ ಬರುವವರು ನಮ್ಮ ಸದಸ್ಯರಲ್ಲಿಯೂ ಇದ್ದಾರೆ. ಆದರೆ ದಾಸರ ಬದುಕು ತಿರುಗಿದ್ದು ಮಾನ್ವಿಯಲ್ಲಲ್ಲ, ನಮ್ಮ ಗದ್ವಾಲ ಸೀಮೆಯ ಉತ್ತನೂರಿನಲ್ಲಿ ಎಂಬುದು ಈಗಿನ ಹುಡುಗರಿಗೆ ಗೊತ್ತಿಲ್ಲ. ಅದಕ್ಕಾಗಿ ಈ ಸಲದ ಮಹನೀಯರ ಪರಿಚಯಕ್ಕೆ ಅವರನ್ನೇ ಆರಿಸಿಕೊಂಡಿದ್ದೇನೆ.

ಅವರ ಹುಟ್ಟೂರು ಮಾನ್ವಿ ತಾಲ್ಲೂಕಿನ ಬ್ಯಾಗವಾಟ. ಹುಟ್ಟಿದ್ದು 1728ರಲ್ಲಿ. ತಂದೆ ನರಸಿಂಹಪ್ಪನವರು, ತಾಯಿ ಲಕ್ಷ್ಮಮ್ಮನವರು. ತಂದೆ ತಾಯಿ ಇಟ್ಟ ಹೆಸರು ಶ್ರೀನಿವಾಸ. ಹುಡುಗ ಬಲು ಚುರುಕು. ಮಂತ್ರಾಲಯ ಮಠದ ಶ್ರೀ ವರದೇಂದ್ರತೀರ್ಥರಲ್ಲಿ ಶಾಸ್ತ್ರ ಓದಿದರೆಂದು ಚರಿತ್ರೆ ಬರೆದವರು ಹೇಳುತ್ತಾರೆ. ಸಂಸ್ಕೃತದಲ್ಲಿ ಪಾಂಡಿತ್ಯ ಬಂತು, ಶ್ರೀನಿವಾಸಾಚಾರ್ಯರೆಂಬ ಹೆಸರು ಬಂತು, ಮಾನ್ವಿಯಲ್ಲಿ ಶಿಷ್ಯರ ಗುಂಪು ಸೇರಿತು. ಅದರ ಹಿಂದೆಯೇ ಗರ್ವವೂ ಬಂತು.

ಆ ಗರ್ವ ಎಂಥದೆಂಬುದನ್ನು ನಾವು ಕನ್ನಡ ಸಂಘದವರು ಸ್ವಲ್ಪ ನಿಂತು ನೋಡಬೇಕು. ಆ ಕಾಲದಲ್ಲಿ ಹರಿದಾಸರು ಕಾಲಿಗೆ ಗೆಜ್ಜೆ ಕಟ್ಟಿ, ತಂಬೂರಿ ಹಿಡಿದು, ಮನೆಮನೆಯ ಮುಂದೆ ಕನ್ನಡದ ಪದ ಹಾಡಿಕೊಂಡು ಹೋಗುತ್ತಿದ್ದರು. ಹೆಂಗಸರು, ಮಕ್ಕಳು, ಹೊಲದಲ್ಲಿ ದುಡಿಯುವವರು ಎಲ್ಲರೂ ಕೇಳುತ್ತಿದ್ದರು. ವೇದಾಂತದ ಸಂಗತಿ ಆಡುಮಾತಿನಲ್ಲಿ ಬೀದಿಗೆ ಬಂದದ್ದು ಆಚಾರ್ಯರಿಗೆ ಸರಿಬರಲಿಲ್ಲ. ಕನ್ನಡದಲ್ಲಿ ಹಾಡುವವರಿಗೆ ಶಾಸ್ತ್ರವೇನು ಗೊತ್ತು ಎಂಬುದು ಅವರ ಭಾವನೆ.

ಹೀಗಿರುವಾಗ ಶ್ರೀ ವಿಜಯದಾಸರು ಮಾನ್ವಿಗೆ ಬಂದರು. ಅವರೂ ಅದೇ ಸೀಮೆಯವರೇ, ತುಂಗಭದ್ರೆಯ ದಡದ ಚೀಕಲಪರ್ವಿಯವರು. ಬಡತನದಲ್ಲಿ ಬೆಂದು, ದಾಸರಾಗಿ, ಆ ಹೊತ್ತಿಗೆ ದೊಡ್ಡ ಗುರುಗಳೆನಿಸಿದ್ದರು. ಪೂಜೆ, ಭಜನೆ ಮುಗಿದ ಮೇಲೆ ಪ್ರಸಾದಕ್ಕೆ ಬರಬೇಕೆಂದು ಊರಿನ ಪಂಡಿತರಾದ ಶ್ರೀನಿವಾಸಾಚಾರ್ಯರಿಗೂ ಕರೆ ಕಳಿಸಿದರು. ಆಚಾರ್ಯರಿಗೆ ಹೋಗಲು ಮನಸ್ಸಿಲ್ಲ. ಬರುವುದಿಲ್ಲವೆಂದು ನೇರವಾಗಿ ಹೇಳಲೂ ಇಲ್ಲ. ತಮಗೆ ಹೊಟ್ಟೆನೋವು, ಹೊತ್ತು ಮೀರಿ ಉಂಡರೆ ತಡೆಯುವುದಿಲ್ಲ ಎಂದು ನೆಪ ಹೇಳಿ ಕಳಿಸಿದರು. ವಿಜಯದಾಸರು ಸಿಟ್ಟಾಗಲಿಲ್ಲ, ಹಾಗೇ ಆಗಲಿ ಎಂದು ಸುಮ್ಮನಾದರು.

ಸ್ವಲ್ಪ ಕಾಲದಲ್ಲೇ ಆಚಾರ್ಯರಿಗೆ ನಿಜವಾಗಿಯೂ ಹೊಟ್ಟೆಶೂಲೆ ಹತ್ತಿಕೊಂಡಿತು. ಉಂಡ ಅನ್ನ ದಕ್ಕದು, ರಾತ್ರಿ ನಿದ್ದೆ ಬಾರದು. ಮೈ ಸೊರಗಿತು. ಔಷಧಿಯಾಯಿತು, ಕ್ಷೇತ್ರದರ್ಶನವಾಯಿತು, ಏನು ಮಾಡಿದರೂ ಕಡಿಮೆಯಾಗಲಿಲ್ಲ. ಕೊನೆಗೆ ಮಂತ್ರಾಲಯಕ್ಕೆ ಹೋಗಿ ರಾಯರ ಬೃಂದಾವನದ ಮುಂದೆ ಸೇವೆಗೆ ನಿಂತರು. ಅಲ್ಲಿ ಕನಸಿನಲ್ಲಿ ಸೂಚನೆಯಾಯಿತೆಂದು ಸಂಪ್ರದಾಯ ಹೇಳುತ್ತದೆ: ಯಾರಿಗೆ ಅಪಚಾರ ಮಾಡಿದೆಯೋ ಅವರ ಹತ್ತಿರವೇ ಹೋಗಬೇಕು.

ಈ ಕಥೆಯ ತಿರುಳು ಇಲ್ಲಿದೆ ಎಂದು ನನಗೆ ಅನಿಸುತ್ತದೆ. ರಾಯರ ಸನ್ನಿಧಿಯಲ್ಲಿಯೇ ಅಳುತ್ತ ಕುಳಿತಿದ್ದರೂ ಅಲ್ಲಿಗೆ ಮುಗಿಯಲಿಲ್ಲ. ದೇವರ ಮುಂದೆ ಅಳುವುದು ಸುಲಭ, ಮನುಷ್ಯನ ಮುಂದೆ ತಲೆ ತಗ್ಗಿಸುವುದು ಕಷ್ಟ. ಆ ಕಷ್ಟದ ಕೆಲಸವನ್ನೇ ರಾಯರು ಅವರಿಗೆ ಹೇಳಿದರು.

ಆಚಾರ್ಯರು ವಿಜಯದಾಸರನ್ನು ಹುಡುಕಿಕೊಂಡು ಹೋಗಿ ಕಾಲಿಗೆ ಬಿದ್ದರು. ನೋವೆಂದು ಹೇಳಿದ್ದು ಸುಳ್ಳು, ಬಾರದೆ ಇದ್ದದ್ದು ಗರ್ವದಿಂದ ಎಂದು ಒಪ್ಪಿಕೊಂಡರು. ವಿಜಯದಾಸರಿಗೆ ಮನಸ್ಸು ಕರಗಿತು. ಆದರೆ ಪರಿಹಾರವನ್ನು ತಾವೇ ಕೊಡದೆ ತಮ್ಮ ಶಿಷ್ಯರಾದ ಗೋಪಾಲದಾಸರ ಬಳಿಗೆ ಉತ್ತನೂರಿಗೆ ಕಳಿಸಿದರು.

ಉತ್ತನೂರು ನಮಗೆ ದೂರವಿಲ್ಲ. ನಾರ್ವದಿಂದ ಜೂರಾಲ ದಾಟಿ ಗದ್ವಾಲ, ಅಲ್ಲಿಂದ ಐಜದ ಕಡೆ. ಕೃಷ್ಣೆ ತುಂಗಭದ್ರೆಯರ ನಡುವಿನ ನಡಿಗಡ್ಡ ಸೀಮೆ. ಗೋಪಾಲದಾಸರ ಮೂಲ ಹೆಸರು ಭಾಗಣ್ಣ. ಹುಟ್ಟಿದ್ದು ರಾಯಚೂರು ಕಡೆಯ ಮೊಸರಕಲ್ಲಿನಲ್ಲಿ. ಎಳೆತನದಲ್ಲೇ ತಂದೆ ತೀರಿಕೊಂಡು, ಇದ್ದ ಆಸ್ತಿ ದಾಯಾದಿಗಳ ಪಾಲಾಗಿ, ತಾಯಿ ಮಕ್ಕಳು ಊರು ಬಿಟ್ಟವರು. ಅಂಥ ಬಡವರ ಮನೆಯ ಮಗ, ಕನ್ನಡದಲ್ಲಿ ಹಾಡುವ ದಾಸ. ಮಾನ್ವಿಯ ಪಂಡಿತರು ಈಗ ಬಾಗಿಲಿಗೆ ಬಂದು ನಿಲ್ಲಬೇಕಾದದ್ದು ಅವರ ಮುಂದೆ. ಗುರುವನ್ನು ಕೀಳಾಗಿ ಕಂಡವರನ್ನು ಶಿಷ್ಯನ ಮನೆಗೆ ಕಳಿಸಿದ್ದರಲ್ಲಿ ವಿಜಯದಾಸರ ವಿವೇಕ ಕಾಣುತ್ತದೆ.

ಗೋಪಾಲದಾಸರು ಬಂದವರನ್ನು ಹಂಗಿಸಲಿಲ್ಲ. ಅನ್ನವೇ ದಕ್ಕದ ಆ ಹೊಟ್ಟೆಗೆ ಜೋಳದ ರೊಟ್ಟಿ ಕೊಟ್ಟು ಉಣ್ಣಿಸಿದರಂತೆ. ಅದು ದಕ್ಕಿತು. ಆಯುಷ್ಯ ಮುಗಿಯುತ್ತ ಬಂದಿದ್ದ ಆ ಪಂಡಿತರಿಗೆ ಗುರುಗಳ ಅಪ್ಪಣೆಯಂತೆ ತಮ್ಮ ಆಯುಷ್ಯದಲ್ಲಿ 40 ವರ್ಷ ದಾನ ಮಾಡಿದರೆಂದು ದಾಸ ಸಂಪ್ರದಾಯ ನಂಬುತ್ತದೆ. ಗೋಪಾಲದಾಸರು 1762ರಲ್ಲಿ, ನಲವತ್ತರ ಆಸುಪಾಸಿನಲ್ಲೇ ತೀರಿಕೊಂಡರು. ಬದುಕಿಸಿಕೊಂಡವರು ಎಂಬತ್ತು ದಾಟಿ 1809ರವರೆಗೆ ಇದ್ದರು. ನಂಬುವವರು ನಂಬಲಿ, ಬಿಡುವವರು ಬಿಡಲಿ, ಈ ಎರಡು ಇಸವಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ನನಗಂತೂ ಮಾತು ಹೊರಡುವುದಿಲ್ಲ. ತಪ್ಪು ಮಾಡಿದವನನ್ನು ಕ್ಷಮಿಸುವುದೆಂದರೆ ಮಾತಿನ ಸೌಜನ್ಯವಲ್ಲ, ಕ್ಷಮಿಸುವವನು ತನ್ನದೇನನ್ನೋ ಕಳೆದುಕೊಳ್ಳುತ್ತಾನೆ ಎಂಬುದು ಇದರ ಅರ್ಥ.

ಗುಣವಾದ ಮೇಲೆ ಆಚಾರ್ಯರು ಹಳೆಯ ಪೀಠಕ್ಕೆ ಹೋಗಿ ಕೂರಲಿಲ್ಲ. ದಾಸದೀಕ್ಷೆ ಬೇಡಿದರು. ಪಂಢರಾಪುರಕ್ಕೆ ಹೋಗಿ ಚಂದ್ರಭಾಗಾ ನದಿಯಲ್ಲಿ ಮುಳುಗಿ ಎದ್ದಾಗ ಜಗನ್ನಾಥವಿಠಲ ಎಂಬ ಅಂಕಿತವಿದ್ದ ಶಿಲೆ ದೊರೆಯಿತೆಂದು ಹೇಳುತ್ತಾರೆ. ಅಂದಿನಿಂದ ಅವರು ಜಗನ್ನಾಥದಾಸರು. ಯಾವ ಭಾಷೆಯ ಹಾಡನ್ನು ಹೀಗಳೆದಿದ್ದರೋ ಅದೇ ಭಾಷೆಯಲ್ಲಿ ಕೀರ್ತನೆ ಬರೆದರು, ತತ್ತ್ವಸುವ್ವಾಲಿ ಬರೆದರು, ಭಾಮಿನಿ ಷಟ್ಪದಿಯಲ್ಲಿ 32 ಸಂಧಿಗಳ ಹರಿಕಥಾಮೃತಸಾರವನ್ನು ಬರೆದರು. ಮಧ್ವಸಿದ್ಧಾಂತವನ್ನೆಲ್ಲ ಕನ್ನಡದಲ್ಲಿ ಅಡಕಮಾಡಿದ ಗ್ರಂಥವದು. ಕನ್ನಡದ ಆ ಕೃತಿಗೆ ಮುಂದೆ ಪಂಡಿತರು ಸಂಸ್ಕೃತದಲ್ಲಿ ವ್ಯಾಖ್ಯಾನ ಬರೆಯುವಂತಾಯಿತು. ನಮ್ಮೂರುಗಳಲ್ಲಿ ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯರೂ ಅದರ ಸಂಧಿಗಳನ್ನು ಬಾಯಿಪಾಠ ಹೇಳುತ್ತಿದ್ದುದನ್ನು ನಾನೇ ಕೇಳಿದ್ದೇನೆ.

ಈ ಕಥೆಯನ್ನು ಒಮ್ಮೆ ಮುದಗಲ್ಲಿನ ಒಬ್ಬ ಕ್ಯಾಥೊಲಿಕ್ ಗೆಳೆಯರಿಗೆ ಹೇಳಿದೆ. ಮುದಗಲ್ಲು ಅದೇ ರಾಯಚೂರು ಜಿಲ್ಲೆಯ ಊರು, ಅಲ್ಲಿ ಬಹಳ ಹಳೆಯ ಚರ್ಚೂ ಕ್ರೈಸ್ತ ಕುಟುಂಬಗಳೂ ಇವೆ. ಅವರು ತಮ್ಮಲ್ಲಿಯ ಪಾಪನಿವೇದನೆಯ ಕ್ರಮ ವಿವರಿಸಿದರು. ಮೊದಲು ಒಬ್ಬನೇ ಕುಳಿತು ತನ್ನ ಮನಸ್ಸನ್ನು ಪರೀಕ್ಷೆ ಮಾಡಬೇಕು. ಮಾಡಿದ್ದಕ್ಕೆ ಮರುಗಬೇಕು. ಗುರುಗಳ ಮುಂದೆ ಪಾಪವನ್ನು ಬಾಯಿಬಿಟ್ಟು ಹೇಳಬೇಕು, ನೆಪ ಸೇರಿಸಬಾರದು. ಗುರುಗಳು ಮಾಡಬೇಕಾದ ಪ್ರಾಯಶ್ಚಿತ್ತ ಹೇಳಿ, ದೇವರ ಹೆಸರಿನಲ್ಲಿ ಕ್ಷಮೆ ಸಾರುತ್ತಾರೆ. ಕದ್ದದ್ದಿದ್ದರೆ ಹಿಂತಿರುಗಿಸಬೇಕು, ಒಬ್ಬರ ಹೆಸರು ಕೆಡಿಸಿದ್ದರೆ ಸರಿಪಡಿಸಬೇಕು. ಕಾಣಿಕೆ ಅರ್ಪಿಸಲು ಬಂದವನಿಗೆ ಸಹೋದರನ ಜೊತೆ ಮನಸ್ತಾಪ ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಅವನೊಡನೆ ರಾಜಿಯಾಗಿ ಬರಬೇಕೆಂದು ಯೇಸುಸ್ವಾಮಿ ಬೋಧಿಸಿದ್ದಾರಂತೆ. ನನಗೆ ಮಂತ್ರಾಲಯದ ಕನಸು ನೆನಪಾಯಿತು. ಮತ ಬೇರೆ, ಕ್ರಮ ಬೇರೆ, ಆದರೆ ಮನುಷ್ಯನ ಗರ್ವ ಒಂದೇ, ಅದು ಇಳಿಯಬೇಕಾದ ಮೆಟ್ಟಿಲುಗಳೂ ಹೆಚ್ಚುಕಡಿಮೆ ಒಂದೇ.

ಇಷ್ಟು ಬರೆದ ಮೇಲೆ ನನ್ನದೊಂದನ್ನು ಹೇಳದಿದ್ದರೆ ತಪ್ಪಾಗುತ್ತದೆ. ನೌಕರಿಯಲ್ಲಿದ್ದಾಗ ಒಬ್ಬ ಮುದುಕರು ಕನ್ನಡದಲ್ಲಿ ಬರೆಸಿದ ಅರ್ಜಿ ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದಿದ್ದರು. ನಾನೂ ಕನ್ನಡದವನೇ. ಆದರೂ ಉಳಿದವರ ಮುಂದೆ ಸಂಕೋಚವಾಗಿ ತೆಲುಗಿನಲ್ಲಿ ಮಾತನಾಡಿಸಿದೆ, ಸಾಹೇಬರು ಇಲ್ಲವೆಂದು ಸುಳ್ಳು ಹೇಳಿ ಕಳಿಸಿದೆ. ಸಾಹೇಬರು ಒಳಗೇ ಇದ್ದರು. ಮುದುಕರು ಮತ್ತೆ ಬರಲಿಲ್ಲ. ನಿವೃತ್ತಿಯಾದ ಮೇಲೆ ಅವರ ಊರಿಗೆ ಹೋದೆ. ಅವರು ತೀರಿಕೊಂಡು ವರ್ಷಗಳಾಗಿದ್ದವು. ಮಗ ಚಹಾ ಕೊಟ್ಟ, ಆ ಅರ್ಜಿಯ ವಿಷಯ ಅವನಿಗೆ ಗೊತ್ತೇ ಇರಲಿಲ್ಲ. ನಾನೂ ಬಾಯಿಬಿಡದೆ ಚಹಾ ಕುಡಿದು ಬಂದುಬಿಟ್ಟೆ. ಅಂದು ಹೇಳದ್ದನ್ನು ಇಂದು ನಿಮ್ಮೆಲ್ಲರ ಮುಂದೆ ಹೇಳಿದ್ದೇನೆ. ಶ್ರೀನಿವಾಸಾಚಾರ್ಯರಿಗೆ ಕ್ಷಮೆ ಕೇಳಲು ವಿಜಯದಾಸರು ಬದುಕಿದ್ದರು, ಅದು ಅವರ ಭಾಗ್ಯ. ಆದ್ದರಿಂದ ಯಾರೊಡನೆಯಾದರೂ ಮಾತು ಬಿಟ್ಟಿದ್ದರೆ ತಡಮಾಡಬೇಡಿರೆಂದು ಕೈಮುಗಿದು ಕೇಳುತ್ತೇನೆ. ನಮ್ಮ ಸಂಘದೊಳಗೂ ಅಂಥವು ಒಂದೆರಡು ಇವೆ, ಹೆಸರು ಬೇಡ.

ಜಗನ್ನಾಥದಾಸರು ಮಾನ್ವಿಯಲ್ಲಿಯೇ ದೇಹ ಬಿಟ್ಟರು. ಅವರಿದ್ದ ಮನೆ ಈಗ ಮಂದಿರವಾಗಿದೆ. ಅಲ್ಲಿಗೆ ಹೋಗುವವರು ಉತ್ತನೂರಿಗೂ ಹೋಗಿ ಬನ್ನಿ. ಗೋಪಾಲದಾಸರ ಆರಾಧನೆ ಪುಷ್ಯ ಬಹುಳ ಅಷ್ಟಮಿಗೆ ಬರುತ್ತದೆ.

ಮುಂದಿನ ಮಾಸಿಕ ಸಭೆಯಲ್ಲಿ ದಾಸರ ಪದಗಳನ್ನು ಹಾಡಲು ಇಚ್ಛಿಸುವ ಮಕ್ಕಳು ಮುಂಚಿತವಾಗಿ ಹೆಸರು ಕೊಡಬೇಕು. ಕನ್ನಡ ಓದಲು ಬಾರದ ಮಕ್ಕಳು ಹಾಡನ್ನು ತೆಲುಗು ಲಿಪಿಯಲ್ಲಿ ಬರೆದುಕೊಂಡು ಬಂದರೂ ಅಡ್ಡಿಯಿಲ್ಲ, ಯಾರೂ ನಗಬಾರದು.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ