ಮಗು ಶಾಲೆಗೆ ಬರಲ್ಲ ಅಂದ್ರೆ ಏನು ಮಾಡಬೇಕು? ತಾರಾಬಾಯಿ ಮೋಡಕ್ ಶಾಲೆಯನ್ನೇ ಅಂಗಳಕ್ಕೆ ಒಯ್ದರು

ಜೂನ್ ಬಂತೆಂದರೆ ಫೋನ್ ತುಂಬಾ ಸಲಹೆಗಳು. ಮೂರು ವರ್ಷದ ಮಗುವನ್ನು ಪ್ರೀಸ್ಕೂಲಿಗೆ ಅಳದೆ ಕಳಿಸೋದು ಹೇಗೆ, ಹಿಂದಿನ ವಾರವೇ ಬ್ಯಾಗ್ ತೋರಿಸಿ, ಬೇಗ ಏಳಿಸಿ, ಗೇಟಿನಲ್ಲಿ ಟಾಟಾ ಮಾಡಿ ತಿರುಗಿ ನೋಡದೆ ಬನ್ನಿ. ಇವುಗಳಲ್ಲಿ ಕೆಲವು ಉಪಯೋಗಕ್ಕೂ ಬರುತ್ತವೆ. ಆದರೆ ಎಲ್ಲದರಲ್ಲೂ ಒಂದು ಊಹೆ ಇದೆ: ಹೊಂದಿಕೊಳ್ಳಬೇಕಾದ್ದು ಮಗು, ಶಾಲೆ ಇದ್ದ ಹಾಗೇ ಇರುತ್ತದೆ. ಈ ಊಹೆಯನ್ನು ಎಂಬತ್ತು ವರ್ಷದ ಹಿಂದೆಯೇ ತಿರುಗಿಸಿ ಹಾಕಿದ ಹೆಂಗಸೊಬ್ಬರಿದ್ದರು. ನಮ್ಮ ಊರೂರಲ್ಲಿ ಕಾಣುವ ಅಂಗನವಾಡಿ ಅನ್ನೋ ಬೋರ್ಡಿನ ಹಿಂದೆ ಅವರ ಬದುಕಿದೆ. ಹೆಸರು ಮಾತ್ರ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ.

ತಾರಾಬಾಯಿ ಹುಟ್ಟಿದ್ದು 1892ರಲ್ಲಿ. ತಂದೆ ಸದಾಶಿವರಾವ್ ಕೇಳ್ಕರ್ ಪ್ರಾರ್ಥನಾ ಸಮಾಜದವರು, ಹಾಗಾಗಿ ಮನೆಯಲ್ಲಿ ಹೆಣ್ಣುಮಕ್ಕಳ ಓದಿಗೆ ಅಡ್ಡಿ ಇರಲಿಲ್ಲ. 1914ರಲ್ಲಿ ಬಿ.ಎ. ಆಯಿತು. ಅಮರಾವತಿಯ ವಕೀಲರೊಬ್ಬರ ಜೊತೆ ಮದುವೆಯಾಯಿತು, ಅದು ಉಳಿಯಲಿಲ್ಲ. ಗಂಡನಿಂದ ಬೇರೆಯಾಗಿ ರಾಜಕೋಟೆಗೆ ಬಂದು ಮಹಿಳಾ ಶಿಕ್ಷಕಿಯರ ತರಬೇತಿ ಕಾಲೇಜಿನ ಪ್ರಾಂಶುಪಾಲೆಯಾದರು. ಜೊತೆಗೆ ಒಬ್ಬಳು ಮಗಳು. 1920ರ ದಶಕದಲ್ಲಿ ಇದೆಲ್ಲ ಎಷ್ಟು ಸಲೀಸಾಗಿತ್ತು ಅಂತ ನೀವೇ ಊಹಿಸಿಕೊಳ್ಳಿ.

ಅಲ್ಲೇ ಹತ್ತಿರದ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಎಂಬ ವಕೀಲರು ಕರಿಕೋಟು ಕಳಚಿಟ್ಟು ಮಕ್ಕಳ ಜೊತೆ ಕೂತಿದ್ದರು. ತಮಗೆ ಮಗ ಹುಟ್ಟಿದ ಮೇಲೆ ಮಾಂಟೆಸ್ಸರಿಯನ್ನು ಓದಿ, ದಕ್ಷಿಣಾಮೂರ್ತಿ ಸಂಸ್ಥೆ ಸೇರಿ, 1920ರಲ್ಲಿ ಬಾಲಮಂದಿರ ಶುರುಮಾಡಿದ್ದರು. ಹೊಡೆತ ಇಲ್ಲ, ಬಹುಮಾನದ ಆಮಿಷವೂ ಇಲ್ಲ. ಕತೆ, ಹಾಡು, ಆಟ. ಮೇಷ್ಟ್ರ ಬೆತ್ತವೇ ಶಿಕ್ಷಣ ಅಂದುಕೊಂಡಿದ್ದ ಕಾಲದಲ್ಲಿ ಮಗುವಿನ ಭಯಕ್ಕೆ ದೊಡ್ಡವರೇ ಹೊಣೆ ಅನ್ನೋದನ್ನ ಅವರು ಮಾಡಿ ತೋರಿಸುತ್ತಿದ್ದರು. ತಾರಾಬಾಯಿ ರಾಜಕೋಟೆಯ ಕೆಲಸ ಬಿಟ್ಟು ಅವರ ಜೊತೆಗೂಡಿದರು. 1926ರಲ್ಲಿ ಇಬ್ಬರೂ ಸೇರಿ ನೂತನ ಬಾಲ ಶಿಕ್ಷಣ ಸಂಘ ಕಟ್ಟಿದರು. ಆಮೇಲೆ ತಾರಾಬಾಯಿ ಮುಂಬೈಯ ದಾದರಿನಲ್ಲಿ ಶಿಶುವಿಹಾರ ನಡೆಸಿದರು. 1939ರಲ್ಲಿ ಗಿಜುಭಾಯಿ ತೀರಿಕೊಂಡರು.

ಇಲ್ಲಿಗೆ ನಿಂತಿದ್ದರೆ ಅವರು ಮಧ್ಯಮವರ್ಗದ ಮಕ್ಕಳ ಒಳ್ಳೆಯ ಟೀಚರ್ ಆಗಿ ಉಳಿದುಬಿಡುತ್ತಿದ್ದರು. 1945ರಲ್ಲಿ, ಐವತ್ತು ದಾಟಿದ ಮೇಲೆ, ಅವರು ಮುಂಬೈ ಬಿಟ್ಟು ಆಗಿನ ಠಾಣೆ ಜಿಲ್ಲೆಯ ಬೋರ್ಡಿ ಎಂಬ ಕಡಲತೀರದ ಊರಿಗೆ ಹೋದರು. ಜೊತೆಗೆ ಬಂದವರು ಅನುತಾಯಿ ವಾಘ್, ಬಾಲವಿಧವೆಯಾಗಿ ಓದಿ ಶಿಕ್ಷಕಿಯಾದವರು. ಇಬ್ಬರೂ ಬಾಲವಾಡಿ ತೆರೆದರು. ಊರಿನ ಅನುಕೂಲಸ್ಥರ ಮಕ್ಕಳು ಬಂದರು. ದಲಿತರ ಕೇರಿಯಿಂದ, ಆದಿವಾಸಿ ಪಾಡಾಗಳಿಂದ ಮಕ್ಕಳು ಬರಲಿಲ್ಲ.

ಯಾಕೆ ಬರ್ತಾರೆ ಹೇಳಿ? ಐದು ವರ್ಷದ ಹುಡುಗಿಯ ಸೊಂಟದ ಮೇಲೆ ಒಂದು ವರ್ಷದ ತಮ್ಮ ಇದ್ದಾನೆ. ಅಪ್ಪ ಅಮ್ಮ ಕೂಲಿಗೆ ಹೋಗಿದ್ದಾರೆ. ಶಾಲೆ ಇರುವುದು ಮೇಲ್ಜಾತಿಯವರ ಬೀದಿಯಲ್ಲಿ, ಆ ಬೀದಿಯಲ್ಲಿ ತನ್ನವರು ತಲೆಯೆತ್ತಿ ನಡೆದಿದ್ದನ್ನೇ ಅವಳು ನೋಡಿಲ್ಲ. ಇದನ್ನು ಬರೀ ಸೆಪರೇಶನ್ ಆಂಗ್ಸೈಟಿ ಅಂತ ಕರೆದರೆ ನಾವು ಕಣ್ಣುಮುಚ್ಚಿಕೊಂಡ ಹಾಗೆ. ಆ ಮಗುವಿನ ಅಂಜಿಕೆಗೆ ಜಾತಿಯೂ ಇತ್ತು, ಹಸಿವೂ ಇತ್ತು.

ಇಂಜಿನಿಯರಿಂಗ್ ಓದಿದ ನನಗೆ ತಾರಾಬಾಯಿ ಇಷ್ಟವಾಗೋದು ಇಲ್ಲಿ. ಬಳಸುವವರೇ ಬರ್ತಿಲ್ಲ ಅಂದ್ರೆ ಬಳಸುವವರನ್ನು ಬೈಯೋದಿಲ್ಲ, ಡಿಸೈನ್ ಬದಲಾಯಿಸ್ತೀವಿ. ಅವರು ಶಾಲೆಯನ್ನೇ ಎತ್ತಿಕೊಂಡು ಕೇರಿಗೆ ಹೋದರು. ಯಾರದೋ ಮನೆಯ ಅಂಗಳ, ಅಲ್ಲೇ ಪಾಠ. ಮೊದಲು ಮುಖ ತೊಳೆಸೋದು, ತಲೆ ಬಾಚೋದು, ಉಗುರು ಕತ್ತರಿಸೋದು. ಆಮೇಲೆ ಹಾಡು, ಕತೆ. ಎಣಿಸೋದಕ್ಕೆ ಕಪ್ಪೆಚಿಪ್ಪು, ಬೀಜ, ಕಲ್ಲು. ಮಾಂಟೆಸ್ಸರಿಯ ದುಬಾರಿ ಸಾಮಾನು ಕೊಳ್ಳೋ ದುಡ್ಡು ಅಲ್ಲಿ ಯಾರ ಹತ್ತಿರವೂ ಇರಲಿಲ್ಲ, ಮಕ್ಕಳಿಗೆ ಅದು ಗುರುತಿನ ವಸ್ತುವೂ ಅಲ್ಲ. ಅಂಗಳದಲ್ಲಿ ಕೂತ ಮಗುವಿಗೆ ನೆಲ ಗೊತ್ತು, ನಾಯಿ ಗೊತ್ತು, ಅಜ್ಜಿ ಬಾಗಿಲಲ್ಲಿ ಕೂತಿದ್ದಾಳೆ. ಅಲ್ಲಿ ಹೊಸಬರು ಅಂದರೆ ಟೀಚರ್ ಒಬ್ಬರೇ. ಸಂಕೋಚ ಕಳೆದುಕೊಳ್ಳಬೇಕಾದವರೂ ಅವರೇ.

ನಮ್ಮಕ್ಕನ ಮಗಳು ಸೇರಿದ ಬೆಂಗಳೂರಿನ ಪ್ರೀಸ್ಕೂಲಿನಲ್ಲಿ ಮೊದಲ ದಿನದಿಂದಲೇ ಪೋಷಕರು ಗೇಟಿನಾಚೆ. ಒಳಗೆ ಸಿಸಿಟಿವಿ ಇದೆ, ಆ್ಯಪ್‌ನಲ್ಲಿ ನೋಡಬಹುದು ಅಂದರು. ಮಗುವಿಗೆ ಅಮ್ಮ ಕಾಣಬೇಕಿತ್ತು, ಅಮ್ಮನಿಗೆ ಮಗು ಕಾಣುವ ವ್ಯವಸ್ಥೆ ಮಾಡಿದ್ದರು.

1950ರ ದಶಕದಲ್ಲಿ ಕೆಲಸ ಬೋರ್ಡಿಯಿಂದ ಕೋಸಬಾಡ್ ಗುಡ್ಡಕ್ಕೆ, ವಾರ್ಲಿ ಆದಿವಾಸಿಗಳ ನಡುವೆ ಹೋಯಿತು. ಅಲ್ಲಿನ ವಿಕಾಸವಾಡಿಯಲ್ಲಿ ಕೂಸುಗಳ ಪಾಲನಾ ಕೇಂದ್ರ, ಬಾಲವಾಡಿ, ಪ್ರಾಥಮಿಕ ಶಾಲೆ ಮೂರೂ ಒಂದೇ ಆವರಣದಲ್ಲಿ. ಸೊಂಟದ ಮೇಲಿನ ತಮ್ಮನ ಸಮೇತ ಅಕ್ಕ ಬರಬಹುದು. ಅವನಿಗೆ ಅಳು ಬಂದರೆ ಅಕ್ಕ ಪಕ್ಕದ ಕೋಣೆಯಲ್ಲೇ ಇದ್ದಾಳೆ. ದನ ಕಾಯುವ ಮಕ್ಕಳಿಗಾಗಿ ಹುಲ್ಲುಗಾವಲಿನಲ್ಲೇ ಶಾಲೆ ನಡೆಯಿತು.

ತಕರಾರು ಇಲ್ಲವೆಂದಲ್ಲ. ತಾರಾಬಾಯಿ ಬೋರ್ಡಿಗೆ ಬಂದ ಅದೇ 1945ರಲ್ಲಿ ಪಕ್ಕದ ತಲಾಸರಿ ಕಡೆ ಗೋದಾವರಿ ಪರುಳೇಕರ್ ಮುಂತಾದವರ ಜೊತೆ ವಾರ್ಲಿಗಳು ಜೀತದ ವಿರುದ್ಧ ಎದ್ದು ನಿಂತಿದ್ದರು. ಆ ಜಗಳದ ಎದುರು ಉಗುರು ಕತ್ತರಿಸುವ ಶಿಕ್ಷಣ ಸಣ್ಣದಾಗಿ ಕಾಣುತ್ತದೆ. ಕೇರಿಯ ಮಗುವನ್ನು ಮೊದಲು ತೊಳೆಯಬೇಕು ಅನ್ನೋದರಲ್ಲಿ ಮೇಲ್ಜಾತಿಯ ಕಣ್ಣೂ ಇದೆ, ನನಗದು ಚುಚ್ಚುತ್ತದೆ. ಆದರೂ ಜೀತ ಹೋದ ಮೇಲೆ ಆ ಮಗು ಎಲ್ಲಿ ಕೂತು ಅಕ್ಷರ ಕಲಿಯಬೇಕು ಅನ್ನೋ ಪ್ರಶ್ನೆಗೆ ಉತ್ತರ ಸಿದ್ಧ ಮಾಡಿಟ್ಟವರು ಇವರು.

1962ರಲ್ಲಿ ಪದ್ಮಭೂಷಣ ಬಂತು. 1973ರಲ್ಲಿ ತಾರಾಬಾಯಿ ತೀರಿಕೊಂಡರು. ಎರಡು ವರ್ಷದ ನಂತರ, 1975ರ ಅಕ್ಟೋಬರ್ 2ರಂದು, ಕೇಂದ್ರ ಸರ್ಕಾರ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭಿಸಿತು. ಕೇಂದ್ರಗಳಿಗೆ ಇಟ್ಟ ಹೆಸರು ಅಂಗನವಾಡಿ. ಕರ್ನಾಟಕದಲ್ಲಿ ಅದು ಮೊದಲು ಶುರುವಾಗಿದ್ದು ಟಿ. ನರಸೀಪುರದಲ್ಲಿ.

2024ರಲ್ಲಿ ನಮ್ಮ ರಾಜ್ಯದ ಶಿಕ್ಷಣ ಇಲಾಖೆ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯಲು ಹೊರಟಾಗ ಅಂಗನವಾಡಿ ಕಾರ್ಯಕರ್ತೆಯರು ಬೆಂಗಳೂರಿನಲ್ಲಿ ಬೀದಿಗಿಳಿದರು. ಆಮೇಲೆ ಕೆಲವು ಅಂಗನವಾಡಿಗಳಿಗೇ ಸರ್ಕಾರಿ ಮಾಂಟೆಸ್ಸರಿ ಅಂತ ಹೆಸರು ಬಂತು. ಚರ್ಚೆಯೆಲ್ಲ ಇಂಗ್ಲಿಷ್, ಯೂನಿಫಾರ್ಮ್, ಟಿಸಿ ಸುತ್ತ ನಡೆಯಿತು. ಮೂರು ವರ್ಷದ ಮಗುವಿಗೆ ತನ್ನ ಬೀದಿಯ ಮುಖವೊಂದು ಕಾಣುತ್ತದೋ ಇಲ್ಲವೋ ಅನ್ನೋದನ್ನ ಹೆಚ್ಚು ಜನ ಕೇಳಲಿಲ್ಲ. ಎಷ್ಟೋ ಊರುಗಳಲ್ಲಿ ಇವತ್ತಿಗೂ ಬೆಳಿಗ್ಗೆ ಅಂಗನವಾಡಿ ಸಹಾಯಕಿ ಮನೆಮನೆಗೆ ಹೋಗಿ, ಹೆಸರು ಹಿಡಿದು ಕೂಗಿ, ಅಳುವ ಮಗುವನ್ನು ಎತ್ತಿಕೊಂಡು ಬರುತ್ತಾಳೆ. ಆ ಕೆಲಸಕ್ಕೆ ಅವಳಿಗೆ ಸಿಗುವುದನ್ನು ಸರ್ಕಾರ ಇನ್ನೂ ಸಂಬಳ ಅಂತ ಕರೆಯೋದಿಲ್ಲ, ಗೌರವಧನ ಅನ್ನುತ್ತದೆ.