ಗಿರಣಿ ಹುಡುಗಿ ಮೇರಿ ಸ್ಲೆಸ್ಸರ್



ನಮ್ಮ ಗೋಡೆ ಪತ್ರಿಕೆಯಲ್ಲಿ ಅನೇಕ ಮಹನೀಯರ ಬಗ್ಗೆ ಓದಿದ್ದೀರಿ. ಈ ಸಲ ನಾನು ಮೇರಿ ಸ್ಲೆಸ್ಸರ್ ಎಂಬುವರ ಬಗ್ಗೆ ಬರೆಯುತ್ತಿದ್ದೇನೆ. ಇವರು ಸ್ಕಾಟ್ಲೆಂಡ್ ದೇಶದವರು. ಕ್ರೈಸ್ತ ಮಿಶನರಿಯಾಗಿ ಆಫ್ರಿಕಾ ಖಂಡಕ್ಕೆ ಹೋಗಿ, ಅಲ್ಲಿ ಸಾಯಬೇಕಿದ್ದ ಎಷ್ಟೋ ಹಸುಗೂಸುಗಳನ್ನು ಬದುಕಿಸಿದರು. ಆ ಕೆಲಸ ದೊಡ್ಡದೇ. ಆದರೆ ನನಗೆ ಹೆಚ್ಚು ಹಿಡಿಸಿದ್ದು ಅದಕ್ಕೆ ಮುಂಚಿನ ಕಥೆ. ಒಬ್ಬ ಬಡ ಹುಡುಗಿ ಅಷ್ಟು ದೂರದ ದೇಶಕ್ಕೆ ಹೋಗಲು ಹೇಗೆ ತಯಾರಾದಳು ಅನ್ನೋದು. ಅದಕ್ಕೇ ಆ ಭಾಗವನ್ನು ಸ್ವಲ್ಪ ಜಾಸ್ತಿ ಬರೆದಿದ್ದೇನೆ.

ಬಾಲ್ಯ

ಮೇರಿ ಹುಟ್ಟಿದ್ದು 1848ನೇ ಇಸವಿ ಡಿಸೆಂಬರ್ 2ರಂದು, ಸ್ಕಾಟ್ಲೆಂಡಿನ ಅಬರ್ಡೀನ್ ಪಟ್ಟಣದಲ್ಲಿ. ಏಳು ಮಕ್ಕಳಲ್ಲಿ ಇವಳು ಎರಡನೆಯವಳು. ತಂದೆ ರಾಬರ್ಟ್ ಸ್ಲೆಸ್ಸರ್ ಬೂಟು ಹೊಲಿಯುವ ಕೆಲಸ ಮಾಡುತ್ತಿದ್ದರು. ತಾಯಿ ನೇಯ್ಗೆ ಕೆಲಸದವರು, ದೈವಭಕ್ತೆ. ತಂದೆಗೆ ಕುಡಿತದ ಚಟ ಹತ್ತಿತು. ಕುಡಿದು ಕುಡಿದು ಕಸುಬು ಹಾಳಾಯಿತು. 1859ರಲ್ಲಿ ಕೆಲಸ ಹುಡುಕಿಕೊಂಡು ಇಡೀ ಕುಟುಂಬ ಡಂಡಿ ಎಂಬ ಊರಿಗೆ ಬಂತು.

ಡಂಡಿ ಗಿರಣಿಗಳ ಊರು. ಅಲ್ಲಿ ನಾರಿನ ಬಟ್ಟೆ, ಗೋಣಿತಾಟು ತಯಾರಾಗುತ್ತಿತ್ತು. ಅದಕ್ಕೆ ಬೇಕಾದ ಸೆಣಬು ನಮ್ಮ ಭಾರತದ ಬಂಗಾಳದಿಂದಲೇ ಹಡಗಿನಲ್ಲಿ ಹೋಗುತ್ತಿತ್ತು. ಊರು ಬದಲಾದರೂ ತಂದೆಯ ಕುಡಿತ ಮಾತ್ರ ಬಿಡಲಿಲ್ಲ. ಸಂಬಳ ಸಿಕ್ಕುವ ಶನಿವಾರ ರಾತ್ರಿ ಅಂದರೆ ಮನೆಯವರಿಗೆಲ್ಲ ಎದೆ ಡವಡವ. ತಾಯಿ ಮಗಳು ತಮ್ಮ ಹೊಟ್ಟೆ ಕಟ್ಟಿ ತಂದೆಗೆ ಊಟ ತೆಗೆದಿಟ್ಟು ಕಾಯುತ್ತಿದ್ದರು. ತಂದೆ ಬಂದು ಆ ಊಟವನ್ನು ಬೆಂಕಿಗೆ ಎಸೆಯುತ್ತಿದ್ದದ್ದೂ ಉಂಟು. ಎಷ್ಟೋ ಸಲ ಮೇರಿ ಹೆದರಿ ರಾತ್ರಿಯಲ್ಲಿ ಬೀದಿಗೆ ಓಡಿಹೋಗಬೇಕಾಗುತ್ತಿತ್ತು. ಮನೆಯ ಸಾಮಾನು ಗಿರವಿ ಇಟ್ಟು ಬರುವ ಕೆಲಸವೂ ಇವಳದೇ. ಇಂಥ ಮನೆ ಹೇಗಿರುತ್ತದೆ ಅಂತ ನಾನು ಬಿಡಿಸಿ ಬರೆಯಬೇಕಾಗಿಲ್ಲ. ನಮ್ಮ ಊರಲ್ಲಿ ಗೊತ್ತಿಲ್ಲದವರು ಯಾರಿದ್ದಾರೆ?

ಅರ್ಧ ದಿನ ಶಾಲೆ, ಅರ್ಧ ದಿನ ಗಿರಣಿ

ಮೇರಿಗೆ 11 ವರ್ಷ ಆದಾಗ ಬ್ಯಾಕ್ಸ್‌ಟರ್ ಬ್ರದರ್ಸ್ ಎಂಬ ಗಿರಣಿಗೆ ಕೆಲಸಕ್ಕೆ ಸೇರಿದಳು. ಆಗಿನ ಕಾಲದಲ್ಲಿ ಅಲ್ಲಿ ಅರ್ಧ ದಿನದ ಕೂಲಿ ಅಂತ ಒಂದು ಪದ್ಧತಿ ಇತ್ತು. ಮಕ್ಕಳು ಅರ್ಧ ದಿನ ಗಿರಣಿಯಲ್ಲಿ ದುಡಿದು, ಇನ್ನರ್ಧ ದಿನ ಗಿರಣಿಯವರೇ ನಡೆಸುತ್ತಿದ್ದ ಶಾಲೆಗೆ ಹೋಗಬೇಕು. ದುಡಿದು ಸುಸ್ತಾದ ಮೇಲೆ ಪಾಠ ಎಷ್ಟು ತಲೆಗೆ ಹತ್ತುತ್ತೆ ನೀವೇ ಯೋಚಿಸಿ. ಹದಿನಾಲ್ಕು ವರ್ಷದ ಹೊತ್ತಿಗೆ ಅವಳು ಪೂರಾ ದಿನದ ಕೆಲಸಗಾರ್ತಿ ಆದಳು. ಬೆಳಿಗ್ಗೆ 6 ಗಂಟೆಗೆ ಹೋದರೆ ಸಂಜೆ 6ರ ತನಕ ಮಗ್ಗದ ಮುಂದೆ. ಆ ಕೂಲಿಯಿಂದಲೇ ಮನೆ ನಡೆಯಬೇಕು.

ಆದರೂ ಓದು ಬಿಡಲಿಲ್ಲ. ಮಗ್ಗದ ಮೇಲೆ ಪುಸ್ತಕ ಆನಿಸಿಟ್ಟುಕೊಂಡು, ಬಿಡುವು ಸಿಕ್ಕಾಗ ಒಂದೊಂದು ಸಾಲು ಓದುತ್ತಿದ್ದಳು. ಡೇವಿಡ್ ಲಿವಿಂಗ್‌ಸ್ಟನ್ ಹೆಸರನ್ನು ನಮ್ಮ ಸಮಾಜ ಪಾಠದಲ್ಲಿ ಕೇಳಿದ್ದೀರಿ. ಆಫ್ರಿಕಾದ ಒಳನಾಡಿನಲ್ಲಿ ಸಂಚರಿಸಿದವರು. ಅವರೂ ಹತ್ತು ವರ್ಷಕ್ಕೇ ಸ್ಕಾಟ್ಲೆಂಡಿನ ಹತ್ತಿ ಗಿರಣಿಗೆ ಸೇರಿ, ಇದೇ ರೀತಿ ಯಂತ್ರದ ಮೇಲೆ ಪುಸ್ತಕ ಇಟ್ಟುಕೊಂಡು ಓದಿದವರು. ಮೇರಿಗೆ ಅವರೆಂದರೆ ಬಹಳ ಅಭಿಮಾನ.

ಇನ್ನೊಂದು ವಿಷಯ ಹೇಳಲೇಬೇಕು. ಮೇರಿ ಹುಟ್ಟಿನಿಂದ ಧೈರ್ಯವಂತೆ ಅಲ್ಲ. ಭಾರಿ ಅಂಜುಬುರುಕಿ. ದಾರಿಯ ಹೊಲದಲ್ಲಿ ಒಂದು ಹಸು ನಿಂತಿದ್ದರೆ ಆ ಹೊಲ ದಾಟುತ್ತಿರಲಿಲ್ಲವಂತೆ! ಹಸುವಿನ ಬಾಲ ಹಿಡಿದು ಓಡುವ ನಮ್ಮ ಕ್ಲಾಸಿನವರಿಗೆ ಇದು ನಗು ಬರಿಸಬಹುದು. ದೊಡ್ಡವಳಾದ ಮೇಲೂ ಒಬ್ಬಳೇ ರಸ್ತೆ ದಾಟಲು ಅವಳಿಗೆ ಭಯ ಇತ್ತು.

ಓಣಿಯ ಮಕ್ಕಳ ನಡುವೆ

ಮೇರಿಯ ತಾಯಿಗೆ ಮಿಶನರಿಗಳ ಪತ್ರಿಕೆ ಓದುವ ಅಭ್ಯಾಸ ಇತ್ತು. ಪಶ್ಚಿಮ ಆಫ್ರಿಕಾದ ಕಲಬಾರ್ ಎಂಬ ಕಡೆ 1846ರಿಂದ ಅವರ ಚರ್ಚಿನ ಮಿಶನ್ ಕೆಲಸ ಮಾಡುತ್ತಿತ್ತು. ಆ ಸುದ್ದಿಗಳನ್ನು ತಾಯಿ ಮಕ್ಕಳಿಗೆ ಓದಿ ಹೇಳುತ್ತಿದ್ದರು. ತನ್ನ ಗಂಡು ಮಕ್ಕಳಲ್ಲಿ ಒಬ್ಬನಾದರೂ ಅಲ್ಲಿಗೆ ಹೋಗಲಿ ಅಂತ ಅವರ ಆಸೆ. ಹೆಣ್ಣು ಮಕ್ಕಳ ಬಗ್ಗೆ ಯಾರೂ ಯೋಚನೆ ಮಾಡಿರಲಿಲ್ಲ. ಕಾಲ ಕಳೆದಂತೆ ತಂದೆ ತೀರಿಕೊಂಡರು, ಅಣ್ಣ ತಮ್ಮಂದಿರೂ ತೀರಿಹೋದರು. ತಾಯಿ, ಮೇರಿ ಮತ್ತು ಇಬ್ಬರು ತಂಗಿಯರು ಮಾತ್ರ ಉಳಿದರು.

ಮೇರಿ ಗಿರಣಿ ಕೆಲಸ ಮುಗಿಸಿ ಸಂಜೆ ಹೊತ್ತು ಡಂಡಿಯ ಕೊಳಚೆ ಓಣಿಗಳಿಗೆ ಹೋಗಿ ಅಲ್ಲಿನ ಮಕ್ಕಳನ್ನು ಸೇರಿಸಿ ಪಾಠ ಹೇಳುತ್ತಿದ್ದಳು. ಬೈಬಲ್ ಕಥೆ ಹೇಳುವುದು, ಹಾಡು ಕಲಿಸುವುದು, ಕಾಯಿಲೆಯವರ ಮನೆಗೆ ಹೋಗಿ ಬರುವುದು. ಪುಂಡ ಹುಡುಗರು ಕೆಸರು ಎಸೆಯುತ್ತಿದ್ದರು. ಒಂದು ದಿನ ಒಬ್ಬ ಹುಡುಗ ಹಗ್ಗದ ತುದಿಗೆ ಸೀಸದ ಗುಂಡು ಕಟ್ಟಿ ಇವಳ ಮುಖದ ಹತ್ತಿರ ಗಿರಗಿರ ತಿರುಗಿಸಿದ. ಗುಂಡು ಹಣೆಗೆ ಹತ್ತಿರ ಹತ್ತಿರ ಬಂತು. ಹಸುವಿಗೆ ಹೆದರುವ ಮೇರಿ ಅಂದು ಕದಲದೆ ನಿಂತಳು. ಕೊನೆಗೆ ಆ ಹುಡುಗನೇ ಸೋತು ಗುಂಡು ಕೆಳಗೆ ಹಾಕಿ, ತನ್ನ ಗುಂಪನ್ನೆಲ್ಲ ಕರೆದುಕೊಂಡು ಇವಳ ಪಾಠಕ್ಕೆ ಬಂದ ಅಂತ ಹೇಳುತ್ತಾರೆ.

ಅಲ್ಲಿ ಮೇರಿಗೆ ಒಂದು ಅನುಕೂಲ ಇತ್ತು. ಆ ಓಣಿಯ ಮಕ್ಕಳ ಕಷ್ಟ ಅವಳಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಹಸಿವು, ಕುಡುಕ ತಂದೆ, ಗಿರವಿ ಅಂಗಡಿ ಎಲ್ಲ ಅವಳ ಮನೆಯದೇ ಆಗಿತ್ತು.

ಹೊರಡುವ ತಯಾರಿ

1873ರಲ್ಲಿ ಲಿವಿಂಗ್‌ಸ್ಟನ್ ಆಫ್ರಿಕಾದಲ್ಲೇ ತೀರಿಕೊಂಡರು. ಆ ಸುದ್ದಿ ತಲುಪಿದ ಮೇಲೆ ಮೇರಿಯ ಮನಸ್ಸು ಗಟ್ಟಿಯಾಯಿತು. ತಾಯಿಯನ್ನು ಕೇಳಿದಾಗ ಸಂತೋಷದಿಂದ ಒಪ್ಪಿದರು. 1875ರಲ್ಲಿ ಚರ್ಚಿನ ಮಿಶನ್ ಮಂಡಳಿಗೆ ಅರ್ಜಿ ಹಾಕಿದಳು. ಮಂಡಳಿ ಒಪ್ಪಿ, ಮರುವರ್ಷ ಎಡಿನ್‌ಬರ್ಗ್ ನಗರದಲ್ಲಿ ಮೂರು ತಿಂಗಳು ತರಬೇತಿ ಕೊಟ್ಟಿತು.

ಮೂರೇ ತಿಂಗಳು! ನನಗೆ ಆಶ್ಚರ್ಯ ಆಯಿತು. ಆಮೇಲೆ ಲೆಕ್ಕ ಹಾಕಿದೆ. 11ನೇ ವರ್ಷದಿಂದ 27ನೇ ವರ್ಷದವರೆಗೆ ಸುಮಾರು 16 ವರ್ಷ ಗಿರಣಿ ಮತ್ತು ಓಣಿ ಆಕೆಗೆ ಪಾಠ ಕಲಿಸಿದ್ದವು. ನಿಜವಾದ ತರಬೇತಿ ಅದೇ ಅಂತ ನನ್ನ ಅಭಿಪ್ರಾಯ.

1876ರ ಆಗಸ್ಟ್ 5ರಂದು ಮೇರಿ ಲಿವರ್‌ಪೂಲ್ ಬಂದರಿನಿಂದ ಇಥಿಯೋಪಿಯಾ ಎಂಬ ಹಡಗು ಹತ್ತಿದರು. ಅದೇ ಹಡಗಿಗೆ ಪೀಪಾಯಿಗಟ್ಟಲೆ ಹೆಂಡ ತುಂಬುತ್ತಿದ್ದರು. ಇಷ್ಟೊಂದು ಹೆಂಡಕ್ಕೆ ತಾನು ಒಬ್ಬಳೇ ಮಿಶನರಿಯೇ ಎಂದು ಅವರಿಗೆ ಬೇಸರ ಆಯಿತಂತೆ. ತಮ್ಮ ಮನೆ ಮುಳುಗಿಸಿದ ಪದಾರ್ಥವೇ ತಮ್ಮ ದೇಶದಿಂದ ಅಲ್ಲಿಗೆ ಹೋಗುತ್ತಿರುವುದನ್ನು ಅವರು ಕಣ್ಣಾರೆ ಕಂಡರು.

ಕಲಬಾರಿನಲ್ಲಿ

ಕಲಬಾರ್ ಈಗಿನ ನೈಜೀರಿಯಾ ದೇಶದಲ್ಲಿದೆ. ಮೇರಿ ಮೊದಲು ಮಾಡಿದ ಕೆಲಸ ಅಲ್ಲಿನ ಎಫಿಕ್ ಭಾಷೆ ಕಲಿತದ್ದು. ಜನರ ಜೊತೆ ಕೂತು, ಎದ್ದು, ಅವರ ಹಾಗೆಯೇ ಮಾತಾಡಲು ಕಲಿತರು. ಬೇರೆ ಬಿಳಿಯರ ಹಾಗೆ ಠೀವಿಯಿಂದ ಇರಲಿಲ್ಲ. ಬರಿಗಾಲಲ್ಲಿ ನಡೆದರು, ಮರ ಹತ್ತಿದರು, ಅಲ್ಲಿಯವರ ಊಟ ಉಂಡರು. ಹಾಗೆ ಉಳಿಸಿದ ಹಣವನ್ನು ತಾಯಿಗೆ ಕಳಿಸುತ್ತಿದ್ದರು. ಮಲೇರಿಯಾ ಜ್ವರ ಮಾತ್ರ ಅವರನ್ನು ಜೀವನವಿಡೀ ಬಿಡಲಿಲ್ಲ.

ಆ ಸೀಮೆಯಲ್ಲಿ ಆಗ ಒಂದು ಮೂಢನಂಬಿಕೆ ಇತ್ತು. ಅವಳಿ ಮಕ್ಕಳು ಹುಟ್ಟಿದರೆ ಅದರಲ್ಲಿ ಒಂದು ದೆವ್ವದ ಮಗು ಅಂತ ಜನ ಹೆದರುತ್ತಿದ್ದರು. ಯಾವುದು ಅಂತ ಗೊತ್ತಾಗದೆ ಎರಡನ್ನೂ ಸಾಯಿಸುತ್ತಿದ್ದರು ಇಲ್ಲವೇ ಮಡಕೆಯಲ್ಲಿಟ್ಟು ಕಾಡಿನಲ್ಲಿ ಬಿಡುತ್ತಿದ್ದರು. ತಾಯಿಯನ್ನೂ ಊರಿನಿಂದ ಓಡಿಸುತ್ತಿದ್ದರು. ಇದನ್ನು ಓದಿ ಆಫ್ರಿಕಾದವರು ಕೆಟ್ಟವರು ಅಂದುಕೊಳ್ಳಬೇಡಿ. ಅದು ಭಯದಿಂದ ಮಾಡಿದ್ದು. ನಮ್ಮ ದೇಶದಲ್ಲೂ ಸತಿ ಪದ್ಧತಿ ಇತ್ತು, 1829ರಲ್ಲಿ ಅದಕ್ಕೆ ಕಾನೂನು ಬಂತು ಎಂದು ಓದಿದ್ದೇವಲ್ಲ.

ಮೇರಿ ಅವಳಿ ಮಕ್ಕಳು ಹುಟ್ಟಿದ ಸುದ್ದಿ ಬಂದರೆ ಮಳೆ, ರಾತ್ರಿ ಅನ್ನದೆ ಕಾಡುದಾರಿಯಲ್ಲಿ ಓಡುತ್ತಿದ್ದರು. ಕೂಸುಗಳನ್ನು ಎತ್ತಿ ತಂದು ಮನೆಯಲ್ಲಿ ಸಾಕುತ್ತಿದ್ದರು. ಒಮ್ಮೆ ಒಂದು ಗಂಡು ಒಂದು ಹೆಣ್ಣು ಅವಳಿ ಸಿಕ್ಕಿದವು. ಗಂಡು ಕೂಸು ಉಳಿಯಲಿಲ್ಲ. ಹೆಣ್ಣು ಕೂಸಿಗೆ ತನ್ನ ತಂಗಿಯ ಹೆಸರಾದ ಜೇನಿ ಎಂದು ಹೆಸರಿಟ್ಟು ಮಗಳಾಗಿ ಬೆಳೆಸಿದರು. ಜೇನಿಯನ್ನು ಸ್ಕಾಟ್ಲೆಂಡಿಗೂ ಕರೆದುಕೊಂಡು ಹೋಗಿದ್ದರು. ಸಾಯಬೇಕಿದ್ದ ಅವಳಿ ಮಗು ಬೆಳೆದು ಓಡಾಡಿದರೂ ಯಾರಿಗೂ ಏನೂ ಕೆಡುಕಾಗಲಿಲ್ಲ. ಉಪದೇಶಕ್ಕಿಂತ ಇದೇ ಜನರ ಕಣ್ಣು ತೆರೆಸಿರಬೇಕು.

ತಾಯಿ, ತಂಗಿಯರು ತೀರಿಹೋದ ಮೇಲೆ, 1888ರಲ್ಲಿ ಮೇರಿ ಒಳನಾಡಿನ ಒಕೊಯಾಂಗ್ ಎಂಬ ಸೀಮೆಗೆ ಹೋಗಿ ನೆಲೆಸಿದರು. ಅಲ್ಲಿ ಜಗಳ, ಕುಡಿತ ಬಹಳ. ರೊಚ್ಚಿಗೆದ್ದ ಕುಡುಕರ ಮಧ್ಯೆ ಹೋಗಿ ನಿಂತು ಜಗಳ ಬಿಡಿಸುತ್ತಿದ್ದರು. ಕುಡುಕರು ಅವರಿಗೆ ಹೊಸಬರೇ? 1892ರಲ್ಲಿ ಬ್ರಿಟಿಷ್ ಸರ್ಕಾರ ಅವರಿಗೆ ನ್ಯಾಯ ತೀರ್ಮಾನ ಮಾಡುವ ಅಧಿಕಾರ ಕೊಟ್ಟಿತು. ಜನ ಅವರನ್ನು ಮಾ ಎಂದು ಕರೆದರು. ಅಂದರೆ ಅಮ್ಮ.

ಏಸುವಿನ ಬೋಧನೆ ಹರಡುವುದು ಅವರು ಹೋದ ಉದ್ದೇಶ. ಅದನ್ನು ಮುಚ್ಚಿಡುವುದು ಸರಿಯಲ್ಲ. ಬೇರೆ ಧರ್ಮದವರಿಗೆ ಆ ಉದ್ದೇಶ ಒಪ್ಪಿಗೆ ಆಗದಿರಬಹುದು. ಆದರೆ ಕಾಡಿನಲ್ಲಿ ಬಿಟ್ಟ ಕೂಸನ್ನು ಎತ್ತಿಕೊಂಡ ಕೈಗಳಿಗೆ ಯಾವ ಧರ್ಮದವರೂ ಕೈ ಮುಗಿಯಬೇಕು ಅಂತ ನನಗನ್ನಿಸುತ್ತದೆ.

ಕೊನೆಯ ದಿನಗಳು

ಮೇರಿ ಸ್ಲೆಸ್ಸರ್ ಮದುವೆಯಾಗಲಿಲ್ಲ. ಸುಮಾರು 38 ವರ್ಷ ಅಲ್ಲೇ ದುಡಿದು, 1915ರ ಜನವರಿ 13ರಂದು ತೀರಿಕೊಂಡರು. ಕಲಬಾರಿನಲ್ಲೇ ಅವರ ಸಮಾಧಿ ಇದೆ. 1997ರಲ್ಲಿ ಸ್ಕಾಟ್ಲೆಂಡಿನ ಕ್ಲೈಡ್ಸ್‌ಡೇಲ್ ಬ್ಯಾಂಕ್ ತನ್ನ 10 ಪೌಂಡ್ ನೋಟಿನ ಮೇಲೆ ಅವರ ಚಿತ್ರ ಹಾಕಿತು. ಒಂದು ಕಾಲಕ್ಕೆ ಪುಡಿಗಾಸಿಗೆ ಗಿರಣಿಯಲ್ಲಿ ದುಡಿದವರ ಮುಖ ನೋಟಿನ ಮೇಲೆ ಬಂತು!

ಇದನ್ನು ಓದಿ ಮಕ್ಕಳನ್ನು ಕೆಲಸಕ್ಕೆ ಕಳಿಸಿದರೆ ದೊಡ್ಡವರಾಗುತ್ತಾರೆ ಅಂತ ಯಾರೂ ತಿಳಿಯಬಾರದು. ಆ ಗಿರಣಿಗಳಲ್ಲಿ ಮೇರಿಯ ಜೊತೆ ದುಡಿದ ನೂರಾರು ಮಕ್ಕಳ ಹೆಸರು ಯಾರಿಗೂ ಗೊತ್ತಿಲ್ಲ. ನಮ್ಮ ತರಗತಿಯಲ್ಲೂ ಕಳೆ ಕೀಳುವ ಕಾಲಕ್ಕೆ, ಸುಗ್ಗಿ ಕಾಲಕ್ಕೆ ಕೆಲವರ ಜಾಗ ಖಾಲಿ ಇರುತ್ತದೆ. ಅವರಿಗೆ ನಾನು ಹೇಳುವುದಿಷ್ಟೇ. ಬಿಟ್ಟುಹೋದ ಪಾಠದ ನೋಟ್ಸು ನಮ್ಮ ಹತ್ತಿರ ಕೇಳಿ ಬರೆದುಕೊಳ್ಳಿ, ನಾಚಿಕೆ ಬೇಡ. ಉಳಿದವರು ಕೇಳುವ ಮುಂಚೆಯೇ ಕೊಡೋಣ. ದೂರದ ದೇಶದ ಮಕ್ಕಳಿಗೆ ಸಹಾಯ ಮಾಡಲು ಹೊರಟ ಮೇರಿ ಕೂಡ ಮೊದಲು ಪಕ್ಕದ ಓಣಿಯಿಂದಲೇ ಶುರು ಮಾಡಿದ್ದು.

ಏಳನೇ ತರಗತಿ